ಹನ್ನೊಂದು ಗಂಟೆಯ ಜಲಪಾತ

ಓರ್ವಲ್ ಟ್ಯಾಕೆಟ್ ನೀರು ಕುಡಿಯುವುದಿಲ್ಲ. ಮೂವತ್ತೊಂದು ವರ್ಷದಿಂದ ಪಾಲೋ ಸೆಕೋ ಊರಿಗೆಲ್ಲ ಲಾರಿಯಲ್ಲಿ ನೀರು ತಂದು ಹಾಕುವವನು ಅವನೇ. ಆದರೆ ಅವನ ಗಂಟಲಲ್ಲಿ ಇಳಿಯುವುದು ಕಪ್ಪು ಕಾಫಿ ಮಾತ್ರ. ಯಾಕೆಂದು ಕೇಳಿದರೆ, "ಬೇಕರಿಯವನು ಬ್ರೆಡ್ ತಿಂತಾನೇನಯ್ಯಾ?" ಅನ್ನುತ್ತಾನೆ. ನಮ್ಮೂರ ಬೇಕರಿಯವನ ಹೊಟ್ಟೆ ನೋಡಿದವರು ಯಾರೂ ಈ ವಾದವನ್ನು ಒಪ್ಪುವುದಿಲ್ಲ.

ಅರಿಝೋನಾದ ಈ ಮೂಲೆಯಲ್ಲಿ ಬಾವಿ ತೋಡಿದರೆ ಸಿಗುವುದು ಇನ್ನಷ್ಟು ಆಳದ ಬಾವಿ, ಅಷ್ಟೇ. ಹಾಗಾಗಿ ಪ್ರತಿ ಮನೆಯ ಹಿಂದೆಯೂ ಒಂದು ಹಸಿರು ಪ್ಲಾಸ್ಟಿಕ್ ಟ್ಯಾಂಕ್ ಇದೆ, ಅದನ್ನು ತುಂಬಲು ಓರ್ವಲ್‌ನ ಎರಡು ಸಾವಿರ ಗ್ಯಾಲನ್ ಲಾರಿ ಇದೆ. ಲಾರಿಗೆ ಅವನು ಗ್ಲಾಡಿಸ್ ಎಂದು ಹೆಸರಿಟ್ಟಿದ್ದಾನೆ. ಯಾವ ಗ್ಲಾಡಿಸ್ ಎಂದು ಯಾರಿಗೂ ತಿಳಿಯದು. ಅವನ ಹೆಂಡತಿಯಂತೂ ಅಲ್ಲ, ಅವಳ ಹೆಸರು ಬೇರೆ. ಅವಳು ಇಪ್ಪತ್ತು ವರ್ಷದ ಹಿಂದೆ ಒಬ್ಬ ಬೋರ್‌ವೆಲ್ ಕೊರೆಯುವವನ ಜೊತೆ ಓಡಿಹೋದಳು. ನೀರಿನ ಲಾರಿಯವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಬೇರೆ ಯಾರ ಜೊತೆ ಹೋಗಿದ್ದರೂ ಊರು ಮರುಕಪಡುತ್ತಿತ್ತು. ಬೋರ್‌ವೆಲ್‌ನವನು ಎಂದು ಗೊತ್ತಾದ ಮೇಲೆ ಎಲ್ಲರೂ ಮನೆ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅದು ತಪ್ಪೇ, ಆದರೆ ನಗು ಬಂದರೆ ಏನು ಮಾಡುವುದು?

ನಾನು ನೆಸ್ಟರ್ ಕಿರೋಸ್, ಕೂಲರ್ ರಿಪೇರಿ ಮಾಡುವವನು. ಬೇಸಗೆಯಲ್ಲಿ ನನ್ನನ್ನು ದೇವರ ಹಾಗೆ ಕಾಣುತ್ತಾರೆ, ಚಳಿಗಾಲದಲ್ಲಿ ನನ್ನ ಹೆಸರೂ ಮರೆಯುತ್ತಾರೆ. ಓರ್ವಲ್ ನನ್ನ ಪಕ್ಕದ ಮನೆಯವನು. ಅವನ ಗುಟ್ಟೊಂದನ್ನು ನಾನು ನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ನನ್ನ ಹೊಟ್ಟೆ ಅಂಥ ಸಾಮಾನು ಇಡಲು ಕಟ್ಟಿದ್ದಲ್ಲ. ಕಳೆದ ವಸಂತದಲ್ಲಿ ಅದು ಬಯಲಾಗಿದ್ದರಿಂದ ಈಗ ಹೇಳಲು ಅಡ್ಡಿಯಿಲ್ಲ.

ನಮ್ಮೂರಿನಿಂದ ಒಂದೂವರೆ ಮೈಲಿ ನಡೆದರೆ ಒಂದು ಜಲಪಾತವಿದೆ. ಇದೆ ಎಂದರೆ, ಬಂಡೆ ಇದೆ. ಮೂವತ್ತು ಅಡಿ ಎತ್ತರದ ಕಪ್ಪು ಬಂಡೆ, ಕೆಳಗೊಂದು ಗುಂಡಿ. ಬೆಟ್ಟದ ಮೇಲೆ ಹಿಮ ಬಿದ್ದು ಕರಗಿದ ವರ್ಷ ಮಾರ್ಚಿಯಲ್ಲಿ ಎರಡು ಮೂರು ವಾರ ನೀರು ಬೀಳುತ್ತದೆ, ಉಳಿದಂತೆ ಇಲ್ಲ. ಹಿಂದಿನವರು ಅದಕ್ಕೆ ಸುಳ್ಳುಬುರುಕಿ ಎಂದು ಹೆಸರಿಟ್ಟಿದ್ದಾರೆ. ದಾರಿ ಶುರುವಾಗುವಲ್ಲಿ ಒಂದು ಫಲಕವಿದೆ, ಅದರ ಮೇಲೆ 'ಸುಲಭ' ಎಂದು ಬರೆದಿದೆ. ಮಂಡಿ ನೋವಿನವರು, ಗರ್ಭಿಣಿಯರು, ದಪ್ಪ ನಾಯಿಗಳು, ಎಲ್ಲರೂ ಹೋಗಿ ಬರುವಂಥ ದಾರಿ. ನೋಡಿಕೊಳ್ಳಬೇಕಾದದ್ದು ಚೋಯಾ ಕಳ್ಳಿಯನ್ನು ಮಾತ್ರ. ಅದರ ಮುಳ್ಳಿನ ಉಂಡೆಗಳು ಗಿಡದಿಂದ ಉದುರಿ ನೆಲದಲ್ಲಿ ಕಾದು ಕೂತಿರುತ್ತವೆ. ಮೈಗೆ ಅಂಟಿದರೆ ಕೈಯಿಂದ ಕೀಳಲಾಗದು, ಕೈಗೂ ಅಂಟುತ್ತದೆ. ಬಾಚಣಿಗೆ ಸಿಕ್ಕಿಸಿ ಒಮ್ಮೆಗೇ ಎಗರಿಸಬೇಕು. ಅದಕ್ಕೇ ನಮ್ಮೂರಲ್ಲಿ ಬೋಳುತಲೆಯವರ ಜೇಬಿನಲ್ಲೂ ಒಂದು ಬಾಚಣಿಗೆ ಇರುತ್ತದೆ.

ಪ್ರತಿ ವರ್ಷ ಮಾರ್ಚಿಯ ಎರಡನೇ ಶನಿವಾರ ಊರಿನವರೆಲ್ಲ ಸೇರಿ ಸುಳ್ಳುಬುರುಕಿಗೆ ಹೋಗುವುದು ನಮ್ಮ ವಾಡಿಕೆ. ಚಳಿಗಾಲ ಕಳೆಯಲು ಉತ್ತರದಿಂದ ಮನೆಯಂಥ ದೊಡ್ಡ ವಾಹನಗಳಲ್ಲಿ ಬಂದು ಇಲ್ಲಿ ಬೀಡುಬಿಡುವ ಮುದುಕ ಮುದುಕಿಯರೂ ಜೊತೆಗೆ ಬರುತ್ತಾರೆ. ಹತ್ತು ವರ್ಷದ ಹಿಂದೆ ಇದರ ಮುಂದಾಳತ್ವ ಮರ್ಸೆಲೀನಾ ಓಚೋವ ಅವರ ಹೆಗಲಿಗೆ ಬಿತ್ತು. ಅವರು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಈ ಊರಿನ ಅರ್ಧ ಜನ ಅವರ ಕೈಯ ಬೀನ್ಸ್ ಕಾಳು ತಿಂದು ಬೆಳೆದವರು, ಇನ್ನರ್ಧ ಜನ ತಟ್ಟೆಯಲ್ಲಿ ಬಿಟ್ಟು ಅವರ ಕೈಯಲ್ಲಿ ಬೈಸಿಕೊಂಡವರು. ಗಂಡ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಾವೆಲ್ಲ ಅವರನ್ನು ದೋನ್ಯಾ, ಎಂದರೆ ಅಮ್ಮಾವ್ರು, ಎಂದೇ ಕರೆಯುವುದು. ಓರ್ವಲ್ ಒಬ್ಬ ಮಾತ್ರ 'ಶ್ರೀಮತಿ ಓಚೋವ ಅವರೇ' ಅನ್ನುತ್ತಿದ್ದ, ಅದೂ ಟೋಪಿ ತೆಗೆದು.

ಆ ಮೊದಲ ವರ್ಷ ದೋನ್ಯಾ ಮೂವತ್ತು ಜನರನ್ನು ಕಟ್ಟಿಕೊಂಡು ಹೋದರು. ಬಂಡೆ ಒಣಗಿ ಕೂತಿತ್ತು. ಗುಂಡಿಯಲ್ಲಿ ಒಂದು ಹಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. "ದೋನ್ಯಾ, ಜಲಪಾತ ಊಟಕ್ಕೆ ಹೋಗಿದೆಯಾ?" ಎಂದು ಯಾರೋ ಕೇಳಿದರು. ಯಾರೋ ಏನು, ನಾನೇ. ಎಲ್ಲರೂ ನಕ್ಕರು. ದೋನ್ಯಾ ನಗಲಿಲ್ಲ. ಮಾರನೇ ವಾರ ಓರ್ವಲ್ ಅವರ ಮನೆ ಟ್ಯಾಂಕ್ ತುಂಬಿಸುತ್ತಿದ್ದಾಗ, "ಮುಂದಿನ ವರ್ಷವೂ ಹೀಗೇ ಆದ್ರೆ ನಾನು ಈ ಉಸಾಬರಿಯೇ ಬಿಟ್ಟುಬಿಡ್ತೀನಿ" ಎಂದರಂತೆ, ಕಣ್ಣು ಒರೆಸಿಕೊಂಡು.

ಮುಂದಿನ ವರ್ಷ ಹಾಗೆ ಆಗಲಿಲ್ಲ. ಆ ಚಳಿಗಾಲ ಒಂದು ಹನಿ ಮಳೆ ಬಿದ್ದಿರಲಿಲ್ಲ, ಆದರೂ ನಾವು ಅಲ್ಲಿ ಮುಟ್ಟಿ ಬುತ್ತಿ ಬಿಚ್ಚುವ ಹೊತ್ತಿಗೆ, ಸರಿಯಾಗಿ ಹನ್ನೊಂದು ಗಂಟೆಗೆ, ಮೇಲಿನಿಂದ ಝುಳುಝುಳು ಎಂದು ನೀರು ಬಿತ್ತು. ಇಪ್ಪತ್ತು ನಿಮಿಷ ಬಿದ್ದು ನಿಂತಿತು. ನಾವೆಲ್ಲ ಬಾಯಿ ತೆರೆದು ನೋಡಿದೆವು. ಮಿನೆಸೋಟಾದಿಂದ ಬಂದ ಶ್ರೀಮತಿ ಲಿಂಡ್‌ಕ್ವಿಸ್ಟ್ ಬೊಗಸೆಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. "ಎಷ್ಟು ಶುದ್ಧ ನೀರು ಕಣ್ರೀ! ನಮ್ಮೂರ ಈಜುಕೊಳದ ನೀರಿನ ಹಾಗೇ ಇದೆ!" ಎಂದರು. ಆಗಲಾದರೂ ನಮಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮರಳುಗಾಡಿನವರಿಗೆ ನೀರು ಕಂಡರೆ ಬುದ್ಧಿ ಕೆಲಸ ಮಾಡುವುದಿಲ್ಲ.

ಹೀಗೆ ಒಂಬತ್ತು ವರ್ಷ ನಡೆಯಿತು. ದೋನ್ಯಾರ ಹೆಸರು ಸುತ್ತಲ ಊರುಗಳಿಗೂ ಹಬ್ಬಿತು.

ನಾನು ಕಂಡುಹಿಡಿದದ್ದು ಆರನೇ ವರ್ಷ. ಆ ಶನಿವಾರ ತಡವಾಗಿ ಎದ್ದೆ. ಎಲ್ಲರಿಗಿಂತ ಮೊದಲೇ ಅಲ್ಲಿ ಕೂತಿದ್ದೆನೆಂದು ಸುಳ್ಳು ಹೇಳುವ ಆಸೆಯಿಂದ ಬೆಟ್ಟದ ಹಿಂದಿನ ಹಳೆ ಗಣಿ ರಸ್ತೆಯಲ್ಲಿ ಜೀಪು ಓಡಿಸಿದೆ. ಜಲಪಾತದ ನೆತ್ತಿಯಲ್ಲಿ, ಒಣಗಿದ ಹಳ್ಳದೊಳಗೆ, ಗ್ಲಾಡಿಸ್ ನಿಂತಿದ್ದಳು. ಹಿಂದಿನ ವಾಲ್ವ್ ತೆರೆದಿತ್ತು. ಪಕ್ಕದಲ್ಲಿ ಓರ್ವಲ್ ಬೋರಲು ಮಲಗಿದ್ದ, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈ ಕಿವಿಯ ಹಿಂದೆ. ಕೆಳಗಿನವರು ಹೋ ಎಂದು ಕೂಗುವುದನ್ನು ಕೇಳುತ್ತಿದ್ದ.

"ಏನಯ್ಯಾ ಇದು!" ಎಂದೆ.

"ಶ್ ಶ್! ಕೆಳಗೆ ಕೇಳ್ಸುತ್ತೆ!" ಎಂದ. ಆಮೇಲೆ ನನ್ನ ತೋಳು ಹಿಡಿದುಕೊಂಡು, "ನೆಸ್ಟರ್, ಮಾರಾಯ, ನಿನ್ನ ಕಾಲು ಹಿಡ್ಕೋತೀನಿ. ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದ.

"ದೋನ್ಯಾಗೋಸ್ಕರ?"

ಅವನ ಕಿವಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಬೇರೆ ಉತ್ತರ ಬೇಕಾಗಲಿಲ್ಲ.

"ಹೇಳಿಬಿಡಯ್ಯಾ ಅವರ ಹತ್ರ."

"ಏನಂತ ಹೇಳ್ಲಿ? ಇಷ್ಟು ವರ್ಷ ನಿಮಗೆ ಟೋಪಿ ಹಾಕಿದ್ದೀನಿ, ಈಗ ನನ್ನ ಮದುವೆ ಆಗಿ ಅಂತಾನಾ? ಗೇಟು ಹಾಕ್ಕೊಂಡುಬಿಡ್ತಾರೆ. ಬೋರ್‌ವೆಲ್ ಕೊರೆಸಿದ್ರೂ ಕೊರೆಸ್ಯಾರು!"

ನಾನು ಬಾಯಿ ಮುಚ್ಚಿಕೊಂಡೆ. ಎಂಥ ಕಷ್ಟ ಅದು! ಪ್ರತಿ ಮಾರ್ಚಿಯಲ್ಲೂ ಜನ ಜಲಪಾತದ ಪವಾಡ ಹೊಗಳುವಾಗ ನಾನು ಕೆಮ್ಮಿ ಕೆಮ್ಮಿ ಸಾಯುತ್ತಿದ್ದೆ. ನನಗೆ ದಮ್ಮು ಎಂದು ಊರಿನವರು ತೀರ್ಮಾನಿಸಿದರು.

ಈ ವರ್ಷ ಎಲ್ಲ ತಲೆಕೆಳಗಾಯಿತು. ಜನವರಿಯಲ್ಲಿ ಮೂರು ವಾರ ಮಳೆ ಹಿಡಿಯಿತು. ಬೆಟ್ಟ ಬಿಳಿಯಾಯಿತು. ಮಾರ್ಚಿ ಬರುವ ಹೊತ್ತಿಗೆ ಸುಳ್ಳುಬುರುಕಿ ಯಾರ ಹಂಗೂ ಇಲ್ಲದೆ ಹಗಲೂ ರಾತ್ರಿ ಸುರಿಯತೊಡಗಿದಳು. ಊರೆಲ್ಲ ಕುಣಿದಾಡಿತು. ಓರ್ವಲ್ ಒಬ್ಬ ಮಾತ್ರ ನನ್ನ ಶೆಡ್ಡಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತ.

"ನನ್ನ ಕೆಲಸ ಹೋಯ್ತು, ನೆಸ್ಟರ್."

"ಏ ಮಂಕೇ, ಸಂತೋಷ ಪಡೋದು ಬಿಟ್ಟು!"

"ಇನ್ನೊಂದಿದೆ. ನಿನ್ನೆ ಶ್ರೀಮತಿ ಓಚೋವ ಅವರ ಟ್ಯಾಂಕ್ ತುಂಬ್ಸೋಕೆ ಹೋಗಿದ್ದೆ. ಇದೇ ನನ್ನ ಕೊನೇ ವರ್ಷ, ಮುಂದಿನ ಸಲದಿಂದ ಬೇರೆ ಯಾರಾದ್ರೂ ಕರ್ಕೊಂಡು ಹೋಗ್ಲಿ ಅಂದ್ರು."

ಅವನ ಮುಖ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ದೋನ್ಯಾ ಇದನ್ನು ಕೈಬಿಟ್ಟರೆ ಅವನಿಗೆ ವಸಂತವೇ ಇಲ್ಲ. ವರ್ಷದಲ್ಲಿ ಇಪ್ಪತ್ತು ನಿಮಿಷ ಅವನು ಆ ಹೆಂಗಸಿಗೆ ಏನೋ ಕೊಡುತ್ತಿದ್ದ. ಉಳಿದ ದಿನವೆಲ್ಲ ಅದರ ನೆನಪಲ್ಲೇ ಲಾರಿ ಓಡಿಸುತ್ತಿದ್ದ.

"ಆದ್ರೆ ಒಂದು ಅರ್ಥ ಆಗ್ಲಿಲ್ಲ" ಎಂದ. "ಹೊರಡುವಾಗ ಯಾವಾಗಿನ ಹಾಗೇ, 'ಶನಿವಾರ, ಹನ್ನೊಂದು ಗಂಟೆ, ಟ್ಯಾಕೆಟ್ ಅವರೇ' ಅಂದ್ರು. ಈ ವರ್ಷ ನೀರು ತಾನಾಗೇ ಬೀಳ್ತಾ ಇದೆ, ನನಗ್ಯಾಕೆ ಗಂಟೆ?"

"ಎಲ್ರಿಗೂ ಹೇಳ್ತಾರಯ್ಯಾ. ಶಾಲೆ ಅಡುಗೆಯವರಲ್ವಾ, ಗಂಟೆ ಬಾರಿಸೋ ಅಭ್ಯಾಸ" ಎಂದೆ. ನನ್ನ ತಲೆಯೂ ಅಷ್ಟೇ ಓಡುವುದು. ಆದರೆ ಮುಂದಿನ ಮಾತು ಮಾತ್ರ ಚೆನ್ನಾಗಿ ಆಡಿದೆ. "ಈ ಸಲ ಮೇಲಿನಿಂದ ಬೇಡ. ನಮ್ಮ ಜೊತೆ ಮುಂದಿನ ದಾರೀಲಿ ನಡ್ಕೊಂಡು ಬಾ. ಬಂದು ಅವರ ಹತ್ರ ಎಲ್ಲ ಹೇಳಿಬಿಡು. ಇದು ತಪ್ಪಿದ್ರೆ ಇನ್ನೊಂದು ಸಲ ಸಿಗಲ್ಲ."

"ನಡೆಯೋದಾ?" ಎಂದ, ನಾನೇನೋ ಹಾರಿಕೊಂಡು ಬಾ ಎಂದ ಹಾಗೆ. ಅವನು ಲಾರಿಯಿಂದ ಇಳಿದು ಐವತ್ತು ಹೆಜ್ಜೆಗಿಂತ ಹೆಚ್ಚು ನಡೆದದ್ದನ್ನು ನಾನಂತೂ ಕಂಡಿಲ್ಲ. ಮತ್ತೆ ಸಣ್ಣ ದನಿಯಲ್ಲಿ ಹೇಳಿದ, "ನಾನು ಅದನ್ನ ಕೆಳಗಿಂದ ಒಂದ್ಸಲಾನೂ ನೋಡಿಲ್ಲ, ಗೊತ್ತಾ?"

ಶನಿವಾರ ಬಂದ. ಇಸ್ತ್ರಿ ಹಾಕಿದ ಅಂಗಿ, ಲಾರಿ ಓಡಿಸುವ ಭಾರದ ಬೂಟು, ಎರಡು ಕೈಯಲ್ಲೂ ಒಂದೊಂದು ದೊಡ್ಡ ನೀರಿನ ಕ್ಯಾನು.

"ಜಲಪಾತಕ್ಕೆ ನೀರು ಹೊತ್ಕೊಂಡು ಹೋಗ್ತಿದ್ದೀಯಾ?" ಎಂದು ಜನ ಬಿದ್ದು ಬಿದ್ದು ನಕ್ಕರು. ಕೈ ಖಾಲಿ ಇದ್ದರೆ ಅವನಿಗೆ ನಡೆಯಲು ಬರುವುದಿಲ್ಲವಂತೆ. ಜೇಬಿನಿಂದ ಆಗಾಗ ಒಂದು ಚೀಟಿ ತೆಗೆದು ಓದಿಕೊಳ್ಳುತ್ತಿದ್ದ. ದೋನ್ಯಾಗೆ ಹೇಳಬೇಕಾದದ್ದನ್ನೆಲ್ಲ ಎರಡು ದಿನ ಕೂತು ಬರೆದಿದ್ದಾನಂತೆ. ನಾನು ಇಣುಕಿ ನೋಡಿದೆ. 'ಶ್ರೀಮತಿ ಓಚೋವ ಅವರೇ, ವಿಷಯ ಏನೆಂದರೆ' ಎಂದಿತ್ತು. ಆಮೇಲೆ ಏನೂ ಇರಲಿಲ್ಲ.

ದೋನ್ಯಾ ಅಗಲ ಅಂಚಿನ ಟೋಪಿ ಹಾಕಿಕೊಂಡು ಮುಂದೆ ಹೊರಟರು. ಓರ್ವಲ್‌ನನ್ನು ನೋಡಿ ಒಂದು ಗಳಿಗೆ ನಿಂತರು. "ಓಹೋ, ಟ್ಯಾಕೆಟ್ ಅವರು ದಾರಿ ತಪ್ಪಿ ಬಂದ್ರಾ?" ಎಂದಷ್ಟೇ ಹೇಳಿ ನಡೆದರು. ನೆಲದ ತುಂಬ ಹಳದಿ ಹೂವು ಅರಳಿತ್ತು. ಎಂಬತ್ತೆರಡರ ಶ್ರೀಮತಿ ಲಿಂಡ್‌ಕ್ವಿಸ್ಟ್ ಓರ್ವಲ್‌ನನ್ನು ಎರಡು ಸಲ ಹಿಂದೆ ಹಾಕಿದರು. ಎರಡನೇ ಸಲ, ಅವನಿಗೆ ಉತ್ಸಾಹ ತುಂಬಲೆಂದು ತಿರುಗಿ ಬಂದು ಮತ್ತೆ ಹಿಂದೆ ಹಾಕಿದ್ದು.

ಒಂದು ಮೈಲಿ ಕಳೆದ ಮೇಲೆ ಮುಂದಿನ ತಿರುವಿನಾಚೆ ನೀರಿನ ಸದ್ದು ಕೇಳಿತು. ಓರ್ವಲ್ ನಿಂತ. ಮುಖ ಬಿಳಿಚಿಕೊಂಡಿತು. "ಸ್ವಲ್ಪ ಕೂತ್ಕೋತೀನಿ ಕಣಯ್ಯಾ, ಚೀಟಿ ಇನ್ನೊಂದ್ಸಲ ಓದ್ಕೋಬೇಕು" ಎಂದು ಕ್ಯಾನುಗಳನ್ನು ಇಳಿಸಿ, ಹಿಂದೆ ಮುಂದೆ ನೋಡದೆ ಒಂದು ಬಂಡೆಯ ನೆರಳಲ್ಲಿ ಕೂತ.

ಚೋಯಾ ಉಂಡೆಗಳ ಮೇಲೆ ಕೂತ.

ಆ ಕೂಗನ್ನು ಇಲ್ಲಿ ಬರೆಯಲು ನನ್ನಿಂದಾಗದು. ಪಕ್ಕದ ಕಣಿವೆಯ ಕತ್ತೆಯೊಂದು ಅದಕ್ಕೆ ಉತ್ತರ ಕೊಟ್ಟಿತು ಎಂದಷ್ಟೇ ಹೇಳಬಲ್ಲೆ. ಮೂವತ್ತೊಂದು ವರ್ಷ ಮರಳುಗಾಡಿನಲ್ಲಿ ಕಳೆದು ಕೂರುವ ಮೊದಲು ನೆಲ ನೋಡದವನು ನಮ್ಮೂರಲ್ಲಿ ಇವನೊಬ್ಬನೇ. ಲಾರಿ ಸೀಟಿನ ಮೇಲೆ ಮುಳ್ಳು ಬೆಳೆಯುವುದಿಲ್ಲವಲ್ಲ.

ದೋನ್ಯಾ ಓಡಿ ಬಂದರು. ಒಮ್ಮೆ ನೋಡಿದರು, ಎಲ್ಲ ಅರ್ಥವಾಯಿತು. "ನೀವೆಲ್ಲ ಮುಂದೆ ಹೋಗಿ, ದಾರಿ ಒಂದೇ ಇರೋದು" ಎಂದು ಉಳಿದವರನ್ನು ಅಟ್ಟಿದರು. ಜೇಬಿನಿಂದ ಬಾಚಣಿಗೆ ತೆಗೆದರು. "ಟ್ಯಾಕೆಟ್ ಅವರೇ, ಆ ಬಂಡೆ ಹಿಡ್ಕೊಂಡು ಬಗ್ಗಿ. ನೆಸ್ಟರ್, ನೀನು ಅವರ ಟೋಪಿ ಹಿಡ್ಕೊಂಡು ಆ ಕಡೆ ತಿರುಗಿ ನಿಂತ್ಕೋ."

ತಿರುಗಿ ನಿಂತೆ. ಕಿವಿ ತಿರುಗಿಸು ಎಂದು ಅವರು ಹೇಳಿರಲಿಲ್ಲ.

ಅಲ್ಲಿ, ಬಂಡೆಗೆ ಮುಖ ಮಾಡಿ, ಹಿಂಬದಿ ಲೋಕಕ್ಕೆ ತೋರಿಸಿಕೊಂಡು ಬಗ್ಗಿ ನಿಂತಾಗ ಓರ್ವಲ್‌ಗೆ ಧೈರ್ಯ ಬಂತು. ಎದುರುಬದುರು ನಿಂತು ಹತ್ತು ವರ್ಷ ಆಡಲಾಗದ ಮಾತು ಈಗ ತಾನಾಗಿ ಹೊರಟಿತು.

"ಶ್ರೀಮತಿ ಓಚೋವ ಅವರೇ, ವಿಷಯ ಏನೆಂದರೆ... ಅಯ್ಯಮ್ಮಾ!"

"ಒಂದಾಯ್ತು. ಹೇಳಿ."

"ಆ ಜಲಪಾತ ಇದೆಯಲ್ಲ... ಅದು ಜಲಪಾತ ಅಲ್ಲ... ಅಪ್ಪಾ!"

"ಎರಡು. ಅಲುಗಾಡಬೇಡಿ."

"ನಾನು ನಿಮಗೆ ಮೋಸ ಮಾಡಿದ್ದೀನಿ. ಒಂಬತ್ತು ವರ್ಷ ನೀರು ಸುರಿದಿದ್ದು ನಾನು. ಗ್ಲಾಡಿಸ್‌ನ ಬೆಟ್ಟದ ಮೇಲೆ ನಿಲ್ಲಿಸ್ಕೊಂಡು..."

"ಗೊತ್ತು" ಎಂದರು ದೋನ್ಯಾ, ಮೂರನೆಯದನ್ನು ಎಗರಿಸುತ್ತ.

ಈ ಸಲ ಓರ್ವಲ್ ಕೂಗಲೇ ಇಲ್ಲ. ನೋವು ಗೊತ್ತಾಗಲಿಲ್ಲವೋ ಏನೋ. ನನ್ನ ಕೈಯಿಂದ ಟೋಪಿ ಬಿತ್ತು.

"ಗೊತ್ತಾ? ಯಾವಾಗಿಂದ?"

"ಮೊದಲನೇ ಸಲದಿಂದ. ಇಪ್ಪತ್ತೆಂಟು ವರ್ಷ ಅದೇ ನೀರಲ್ಲಿ ಪಾತ್ರೆ ತೊಳೆದೋಳು ನಾನು, ಕ್ಲೋರಿನ್ ವಾಸನೆ ಗೊತ್ತಾಗಲ್ವಾ? ಯಾವ ಬೆಟ್ಟದ ಹಳ್ಳ ಗಡಿಯಾರ ಕಟ್ಕೊಂಡಿರುತ್ತೆ? ಹೋಗ್ಲಿ, ಟ್ಯಾಂಕ್ ತುಂಬ್ಸೋಕೆ ಬಂದವರಿಗೆ ಪ್ರತಿ ವರ್ಷ ಶನಿವಾರ ಹನ್ನೊಂದು ಗಂಟೆ ಅಂತ ನಾನ್ಯಾಕೆ ಹೇಳ್ತಿದ್ದೆ ಅಂದ್ಕೊಂಡ್ರಿ? ನಾಲ್ಕು."

ಓರ್ವಲ್ ಬಂಡೆಗೆ ಹಣೆ ಒತ್ತಿಕೊಂಡ. "ಮತ್ತೆ ಯಾಕೆ ಕೊನೇ ವರ್ಷ ಅಂದ್ರಿ?"

ಬಾಚಣಿಗೆಯ ಸದ್ದು ನಿಂತಿತು. ದೋನ್ಯಾ ಮಾತಾಡಿದಾಗ ಅವರ ದನಿ ನಾನು ಇಷ್ಟು ವರ್ಷ ಕೇಳಿದ ದನಿಯಾಗಿರಲಿಲ್ಲ. ಊಟದ ಸಾಲಿನಲ್ಲಿ ತಳ್ಳಾಡುವ ಮಕ್ಕಳನ್ನು ಗದರಿಸುವ ದನಿ ಅಲ್ಲವೇ ಅಲ್ಲ.

"ಒಂಬತ್ತು ವರ್ಷ ತಲೆ ಮೇಲೆ ನೀರು ಸುರಿದ್ರಿ, ಒಂದು ಸಲ ಕೆಳಗಿಳಿದು ಬರ್ಲಿಲ್ಲ. ಪ್ರತಿ ಸಲ ಬುತ್ತೀಲಿ ಒಂದು ಪಾಲು ಹೆಚ್ಚಿಗೆ ತಗೊಂಡು ಹೋಗ್ತಿದ್ದೆ. ಪ್ರತಿ ಸಲ ಅದನ್ನ ನೆಸ್ಟರ್ ತಿಂತಿದ್ದ. ಎಷ್ಟು ವರ್ಷ ಅಂತ ಕಾಯೋದು? ನನಗೂ ಸಾಕಾಯ್ತು."

ಅದು ನಿಜ. ನಾನು ತಿಂದಿದ್ದೆ. ದೋನ್ಯಾಗೆ ನನ್ನ ಮೇಲೆ ವಿಶೇಷ ಅಕ್ಕರೆ ಎಂದು ಒಂಬತ್ತು ವರ್ಷ ನಂಬಿಕೊಂಡು ಬಂದಿದ್ದೆ. ಆ ಬೆಟ್ಟದ ದಾರಿಯಲ್ಲಿ ನನ್ನಷ್ಟು ಸಣ್ಣಗೆ ಕಂಡ ಮನುಷ್ಯ ಬೇರೆ ಇರಲಿಕ್ಕಿಲ್ಲ.

"ಹಾಗಾದ್ರೆ," ಎಂದ ಓರ್ವಲ್, ಇನ್ನೂ ಬಗ್ಗಿಕೊಂಡೇ, "ನಾನು ಒಂದು ಮಾತು ಕೇಳಬಹುದಾ?"

"ಇನ್ನೆರಡು ಮುಳ್ಳಿದೆ. ತೆಗೆದ ಮೇಲೆ ನೆಟ್ಟಗೆ ನಿಂತ್ಕೊಂಡು ಕೇಳಿ. ಇದಕ್ಕೆಲ್ಲ ಉತ್ತರ ಕೊಡೋವಾಗ ನಾನು ಮುಖ ನೋಡ್ಬೇಕು."

ಅವನು ನೆಟ್ಟಗೆ ನಿಂತು ಏನು ಕೇಳಿದ, ಅವರು ಏನು ಹೇಳಿದರು, ನನಗೆ ತಿಳಿಯದು. ಆ ಹೊತ್ತಿಗೆ ನನಗೇ ನಾಚಿಕೆಯಾಗಿ, ಟೋಪಿಯನ್ನು ಒಂದು ಕಲ್ಲಿನ ಮೇಲಿಟ್ಟು ಮುಂದೆ ನಡೆದಿದ್ದೆ. ಹಿಂದಿನಿಂದ ದೋನ್ಯಾ ಜೋರಾಗಿ ನಗುವುದು ಕೇಳಿತು. ಜಲಪಾತಕ್ಕೆ ಬರುವಾಗ ಇಬ್ಬರೂ ಕೈ ಹಿಡಿದುಕೊಂಡಿದ್ದರು. ಅವನು ಕುಂಟುತ್ತಿದ್ದುದರಿಂದ ಹಿಡಿದುಕೊಂಡಿದ್ದರು ಎಂದು ಬೇಕಾದವರು ಹೇಳಲಿ.

ಅಲ್ಲಿ ಶ್ರೀಮತಿ ಲಿಂಡ್‌ಕ್ವಿಸ್ಟ್ ಬೊಗಸೆಯ ನೀರನ್ನು ಉಗುಳುತ್ತಿದ್ದರು. "ಈ ವರ್ಷ ನೀರು ಚೆನ್ನಾಗಿಲ್ಲಪ್ಪ, ಏನೋ ಮಣ್ಣಿನ ವಾಸನೆ. ಯಾರಿಗಾದ್ರೂ ದೂರು ಕೊಡಬೇಕು" ಎಂದರು. ನಾನು ಕೆಮ್ಮಿದೆ. ಈ ಸಲದ್ದು ನಗುವಿನ ಕೆಮ್ಮು.

ಓರ್ವಲ್ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಟೋಪಿ ಎದೆಗೆ ಹಿಡಿದು ತಲೆ ಎತ್ತಿ ನಿಂತಿದ್ದ. ಮೂವತ್ತು ಅಡಿ ಎತ್ತರದಿಂದ ನೀರು ಬಂಡೆಯನ್ನೆಲ್ಲ ಮುಚ್ಚಿಕೊಂಡು ಸುರಿಯುತ್ತಿತ್ತು, ತುಂತುರು ಅವನ ಮುಖಕ್ಕೆ ಹಾರುತ್ತಿತ್ತು. "ಇಷ್ಟು ಚೆನ್ನಾಗಿರುತ್ತಾ?" ಎಂದು ಯಾರನ್ನೋ ಕೇಳಿದ.

"ನಿಮ್ಮದೂ ಚೆನ್ನಾಗೇ ಇತ್ತು" ಎಂದರು ದೋನ್ಯಾ. ಬುತ್ತಿ ಬಿಚ್ಚಿ, ಬೀನ್ಸ್ ಕಾಳು ಸುತ್ತಿದ ರೊಟ್ಟಿಯ ಆ ಹೆಚ್ಚಿನ ಪಾಲನ್ನು, ನನ್ನ ಕಣ್ಣೆದುರಿಗೇ, ಅವನ ಕೈಗಿಟ್ಟರು. ಅವನು ನಿಂತುಕೊಂಡೇ ತಿಂದ. ಕೂರುವ ಸ್ಥಿತಿಯಲ್ಲಿ ಇರಲಿಲ್ಲ. ತಿಂದು, ಬಗ್ಗಿ, ಬೊಗಸೆಯಲ್ಲಿ ನೀರು ಹಿಡಿದು ಕುಡಿದ. ನಾನು ಕಂಡಂತೆ ಅವನು ನೀರು ಕುಡಿದದ್ದು ಅದೇ ಮೊದಲು.

ಹನ್ನೊಂದು ಇಪ್ಪತ್ತಕ್ಕೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಗಡಿಯಾರ ನೋಡಿದ. ನೀರನ್ನು ನೋಡಿದ. ಒಂಬತ್ತು ವರ್ಷವೂ ಈ ಹೊತ್ತಿಗೆ ಟ್ಯಾಂಕ್ ಖಾಲಿಯಾಗಿ ವಾಲ್ವ್ ಮುಚ್ಚಿ, ಯಾರಿಗೂ ಕಾಣದಂತೆ ಗಣಿ ರಸ್ತೆಯಲ್ಲಿ ಒಬ್ಬನೇ ಇಳಿದುಹೋಗುತ್ತಿದ್ದ. ಟೋಪಿ ತಲೆಗಿಟ್ಟು ಹೊರಡುವವನಂತೆ ಒಂದು ಹೆಜ್ಜೆ ಹಿಂದಿಟ್ಟ. ಆಮೇಲೆ ಮತ್ತೆ ಮೇಲೆ ನೋಡಿ, "ನಿಲ್ತಾನೇ ಇಲ್ವಲ್ಲ ಇದು" ಎಂದ.

"ನಿಲ್ಲಲ್ಲ" ಎಂದರು ದೋನ್ಯಾ, ಅವನ ತೋಳು ಬಿಡದೆ. "ನೀವೂ ಎಲ್ಲಿಗೂ ಹೋಗ್ಬೇಕಾಗಿಲ್ಲ."

ನಾವೆಲ್ಲ ಹೊರಟಾಗಲೂ ಅವರಿಬ್ಬರು ಅಲ್ಲೇ ನಿಂತಿದ್ದರು. ಆ ಎರಡು ಕ್ಯಾನು ನೀರನ್ನು ಒಂದೂವರೆ ಮೈಲಿ ವಾಪಸು ಹೊತ್ತು ತಂದವನು ನಾನು.